ಹೆಜ್ಜೇನಿನ ಶ್ರುತಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಕಾತ್ಯಾಯಿನಿ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ಹೇಳಲಿ. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ನಮ್ಮ ಬಾಲ್ಕನಿಯ ಸೂರಿಗೆ ಹೆಜ್ಜೇನು ಬಂದು ಕೂತಾಗ ಮಾತ್ರ ಆ ಕೋಪಕ್ಕೆ ಸರಿಯಾದ ಕಾರಣವೊಂದು ಸಿಕ್ಕಿತ್ತು. ಬಟ್ಟೆ ಒಣಗಿಸುವ ಹಾಗಿಲ್ಲ, ಬಾಗಿಲು ತೆಗೆಯುವ ಹಾಗಿಲ್ಲ, ಸಂಜೆ ಲೈಟು ಹಾಕಿದರೆ ಗಾಜಿಗೆ ಬಂದು ಟಪಟಪ ಬಡಿಯುತ್ತವೆ. ಕತ್ರಿಗುಪ್ಪೆಯಲ್ಲಿ ಇಷ್ಟೊಂದು ಅಪಾರ್ಟ್‌ಮೆಂಟುಗಳಿವೆ, ಅವುಗಳಲ್ಲಿ ಲೆಕ್ಕವಿಲ್ಲದಷ್ಟು ಬಾಲ್ಕನಿಗಳಿವೆ. ಇವಕ್ಕೆ ನನ್ನದೇ ಬೇಕಾಗಿತ್ತೆ?

ಹುಳ ತೆಗೆಯುವವರ ಫೋನ್ ನಂಬರನ್ನು ಪಕ್ಕದ ಬೀದಿಯ ಮೆಡಿಕಲ್ ಶಾಪಿನವನಿಂದ ಬರೆಸಿಕೊಂಡು ಬಂದೆ. ಮಾರನೆಯ ಬೆಳಿಗ್ಗೆ ಕಾಫಿ ಕುಡಿದವನೇ ಫೋನು ಕೈಗೆ ತೆಗೆದುಕೊಂಡೆ. ಆಗ ಒಳಕೋಣೆಯಿಂದ ವೀಣೆಯ ಒಂದು ತಂತಿ ಮಿಡಿದ ಸದ್ದು ಕೇಳಿಸಿತು.

ಆ ಒಂದು ತಂತಿಯ ಬೆಲೆ ಗೊತ್ತಾಗಬೇಕಾದರೆ ಇಂದ್ರಾಣಿಯ ವಿಷಯ ಹೇಳಬೇಕು. ಇಂದ್ರಾಣಿ ಕಾತ್ಯಾಯಿನಿಯ ತಂಗಿ. ಅಕ್ಕ ವೀಣೆ ನುಡಿಸುವುದು, ತಂಗಿ ಪಕ್ಕದಲ್ಲಿ ಕೂತು ಹಾಡುವುದು, ನಾನು ಹಿಂದೆ ಮೃದಂಗ ಇಟ್ಟುಕೊಂಡು ಇಬ್ಬರ ಮೇಲೂ ರೇಗುವುದು. ಹೀಗೇ ನಮ್ಮ ಬದುಕು ನಡೆದಿತ್ತು. ಹನುಮಂತನಗರ, ಜಯನಗರ, ಬನಶಂಕರಿಯ ಎಷ್ಟೋ ಮನೆಗಳ ಹಾಲ್‌ಗಳಲ್ಲಿ, ಮೈಕ್ ಇಲ್ಲದೆ, ಕೇಳುವವರ ಮೊಣಕಾಲು ನಮಗೆ ತಗಲುವಷ್ಟು ಹತ್ತಿರ ಕೂತು ಕಚೇರಿ ಮಾಡಿದ್ದೇವೆ. ಎರಡು ದೀಪಾವಳಿಯ ಹಿಂದೆ ಇಂದ್ರಾಣಿ ತೀರಿಕೊಂಡಳು. ಅಂದಿನಿಂದ ಕಾತ್ಯಾಯಿನಿ ವೀಣೆ ಮುಟ್ಟಿರಲಿಲ್ಲ. ಅಳುತ್ತಲೂ ಇರಲಿಲ್ಲ, ಅದೇ ನನಗೆ ಹೆದರಿಕೆ. ಹಾಲು ಬಂತಾ, ತರಕಾರಿ ಏನು ತರಲಿ, ಇಷ್ಟೇ ಮಾತು. ಮನೆಯಲ್ಲಿ ನನ್ನ ಜೊತೆ ಇರುವುದು ಅವಳಲ್ಲ, ಅವಳ ಸೀರೆ ಉಟ್ಟ ಇನ್ಯಾರೋ ಎಂದು ಅನ್ನಿಸುತ್ತಿತ್ತು.

ಮೆಲ್ಲಗೆ ಹೋಗಿ ಬಾಗಿಲಲ್ಲಿ ನಿಂತೆ. ಹಾಲ್‌ಗೂ ಆ ಕೋಣೆಗೂ ಸೇರಿ ಒಂದೇ ಬಾಲ್ಕನಿ. ಅದರ ಗಾಜಿನ ಬಾಗಿಲಿಗೆ ಬೆನ್ನು ತಾಗುವಂತೆ ಕೂತು ವೀಣೆಯ ಬಿರಡೆ ತಿರುಗಿಸುತ್ತಿದ್ದಳು. ತನ್ನ ಎಂದಿನ ಶ್ರುತಿಗಿಂತ ಬಹಳ ಕೆಳಕ್ಕೆ ಇಳಿಸಿದ್ದಳು.

"ಏನೇ ಅದು, ತಂತಿ ಜೋತು ಬಿದ್ದಿದೆಯಲ್ಲ?" ಎಂದೆ.

"ಸುಮ್ನಿರಿ. ಅದು ಎಲ್ಲಿ ನಿಂತಿದೆಯೋ ಅಲ್ಲಿಗೆ ಬರ್ತಿದ್ದೀನಿ" ಎಂದಳು.

"ಯಾವುದು?"

ಅವಳು ಹಿಂದೆ ಗಾಜಿನತ್ತ ಕೈ ತೋರಿಸಿದಳು. ಅಲ್ಲಿಯವರೆಗೆ ನಾನು ಆ ಹುಳಗಳನ್ನು ನೋಡಿದ್ದೆ, ಬೈದಿದ್ದೆ, ಕೇಳಿಸಿಕೊಂಡಿರಲಿಲ್ಲ. ತಗ್ಗಿನ ದನಿಯಲ್ಲಿ, ಎಲ್ಲೂ ಉಸಿರು ಕಡಿಯದೆ, ಒಂದೇ ಸ್ವರದ ಮೇಲೆ ಇಡೀ ಗೂಡು ನಿಂತಿತ್ತು. ವೀಣೆ ಅಲ್ಲಿಗೆ ಬಂದು ಕೂಡಿಕೊಂಡ ಕೂಡಲೇ ಕೋಣೆ ತುಂಬಿಹೋಯಿತು.

"ಪಕ್ಕದಲ್ಲಿ ಯಾರೋ ಕೂತು ಸ್ವರ ಹಿಡಿದಂಗಿದೆ ರೀ" ಎಂದಳು. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು.

ನಾನು ವಾಪಸು ಬಂದು ಆ ಫೋನ್ ನಂಬರಿನ ಚೀಟಿ ಹರಿದು ಕಸದ ಬುಟ್ಟಿಗೆ ಹಾಕಿದೆ. ಗಾಜಿನ ಈಚೆ ನಿಂತು ಆ ಕಪ್ಪು ಗೂಡಿಗೆ ಕೈ ಮುಗಿದೆ. ಯಾರೂ ನೋಡಲಿಲ್ಲ, ನೋಡಿದ್ದರೂ ನನಗೇನೂ ಆಗುತ್ತಿರಲಿಲ್ಲ.

ಆಮೇಲೆ ದಿನವೂ ಮಧ್ಯಾಹ್ನ ನುಡಿಸಾಣಿಕೆ ಶುರುವಾಯಿತು. ಜಯನಗರದಲ್ಲಿ ಪಿಟೀಲು ಪಾಠ ಹೇಳುವ ರವಿಕಿರಣ್‌ಗೆ ಸುದ್ದಿ ಮುಟ್ಟಿಸಿದೆ. ಅವನು ಪಿಟೀಲಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಓಡೋಡಿ ಬಂದ. ಮಾತು ಜಾಸ್ತಿ, ಕೈ ಚಿನ್ನ. "ಇದು ಪಕ್ಕಾ ಚೇಂಬರ್ ಮ್ಯೂಸಿಕ್ ಸಾರ್! ಮೂರು ವಾದ್ಯ, ಒಂದು ಗೂಡು" ಎಂದ. ನಮ್ಮ ಅಜ್ಜಂದಿರ ಕಾಲದಿಂದ ಮನೆ ಕಚೇರಿ ಎನ್ನುವುದು ಇದಕ್ಕೇ ಎಂದು ನಾನು ಗದರಿದೆ. ಅವನು ನಕ್ಕು ಪಿಟೀಲನ್ನೂ ಕೆಳಕ್ಕೆ ಇಳಿಸಿಕೊಂಡ.

ಕಾತ್ಯಾಯಿನಿ ಶಹನ ರಾಗದಲ್ಲಿ, ಸಾಹಿತ್ಯವಿಲ್ಲದ ಒಂದು ದೊಡ್ಡ ಕೃತಿ ಕಟ್ಟತೊಡಗಿದಳು. ಹದ್ದು ಹತ್ತಿರ ಸುಳಿದಾಗ ಗೂಡಿನ ಮೈಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಜುಮ್ಮೆಂದು ಅಲೆ ಹಾಯುವುದನ್ನು ಅವಳು ಗಂಟೆಗಟ್ಟಲೆ ನೋಡುತ್ತಿದ್ದಳು. ಅದನ್ನು ಪಿಟೀಲಿಗೆ ಕೊಟ್ಟಳು. ಹೊಂಗೆಮರಗಳು ಹೂಬಿಟ್ಟು ಬೀದಿಯೆಲ್ಲ ಬಿಳಿ ಉದುರಿದ ದಿನಗಳಲ್ಲಿ ಹುಳಗಳು ಹೋಗಿ ಬರುವ ಭರಾಟೆ ಹೆಚ್ಚಾಯಿತು. ಅದಕ್ಕೆಂದು ವೀಣೆಯಲ್ಲಿ ಒಂದು ಓಟದ ತಾನ ಬಂತು. ನನಗೆ ಮಾತ್ರ ಬೆರಳ ತುದಿಯಲ್ಲಿ ಗುಂ ಗುಂ ಎನ್ನಿಸುವ ಕೆಲಸ. ಜೋರಾಗಿ ಒಂದು ಚಾಪು ಹಾಕಿದರೆ ತಿರುಗಿ ದುರುಗುಟ್ಟುತ್ತಿದ್ದಳು. ಆ ದುರುಗುಟ್ಟುವಿಕೆಗಾಗಿ ನಾನು ವರ್ಷಕ್ಕೂ ಮೇಲೆ ಕಾದಿದ್ದೆ, ಬೇಕೆಂದೇ ಆಗಾಗ ಒಂದು ಚಾಪು ಹಾಕುತ್ತಿದ್ದೆ.

ಈ ಸುಖದ ನಡುವೆ ಭೀಮೇಶ್ ಬಂದು ಬೆಲ್ ಮಾಡಿದರು.

ಭೀಮೇಶ್ ನಮ್ಮ ಮೇಲಿನ ಮನೆಯವರು, ಅಸೋಸಿಯೇಷನ್ನಿನ ಅಧ್ಯಕ್ಷರೂ ಹೌದು. ನಮ್ಮ ಬಾಲ್ಕನಿಯ ಸೂರೆಂದರೆ ಅವರ ಬಾಲ್ಕನಿಯ ನೆಲ. ಅಂದರೆ ಗೂಡು ನಮಗೆಷ್ಟು ಹತ್ತಿರವೋ ಅವರಿಗೂ ಅಷ್ಟೇ. ಈ ಕಟ್ಟಡ ನಿಂತಿರುವ ನೆಲ ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲವಾಗಿತ್ತು. ನಾವೆಲ್ಲ ಆಮೇಲೆ ಬಂದವರು. ಆದರೂ ಲಿಫ್ಟಿನಲ್ಲಿ "ತಿಂಡಿ ಆಯ್ತಾ ಸಾರ್" ಎನ್ನುವುದನ್ನು ದಾಟಿ ನಮ್ಮ ಮಾತು ಹೋಗಿರಲಿಲ್ಲ. ಅವರ ಮನೆಯಲ್ಲಿ ಬಾಗಿಲಿಗೆ ಎದುರಾಗಿ ಬುದ್ಧನ ದೊಡ್ಡ ಫೋಟೋ ಇದೆ ಎಂಬುದು ಬಿಟ್ಟರೆ ನನಗೆ ಅವರ ಬಗ್ಗೆ ಹೆಚ್ಚೇನೂ ತಿಳಿದಿರಲಿಲ್ಲ.

"ಸಾರ್, ಸೋಮವಾರ ಪೆಸ್ಟ್ ಕಂಟ್ರೋಲ್‌ನವ್ರು ಬರ್ತಾರೆ. ಭಾನುವಾರ ಮೀಟಿಂಗಲ್ಲಿ ಒಂದು ಮಾತು ಹೇಳಿ ತೆಗೆಸಿಬಿಡ್ತೀನಿ" ಎಂದರು.

"ಹೂವಿನ ಕಾಲ ಮುಗಿದ್ರೆ ತಾವಾಗೇ ಹೋಗ್ತವಂತೆ ಭೀಮೇಶ್. ಅವುಗಳ ಪಾಡಿಗೆ ಅವು ಇರ್ತವೆ. ಊರಲ್ಲಿ ಇರೋ ನಾಲ್ಕು ಮರ ಕಾಯಿ ಕಟ್ಟೋದೇ ಅವುಗಳಿಂದ" ಎಂದು ಪಾಠ ಒಪ್ಪಿಸಿದೆ.

ಅವರು ಚಪ್ಪಲಿ ಹಾಕಿಕೊಂಡೇ ಹೊಸ್ತಿಲಾಚೆ ನಿಂತಿದ್ದರು. "ಮರ ನಂಗೂ ಬೇಕು ಸಾರ್. ಹೋದ ವರ್ಷ ಹಿಂದಿನ ರಸ್ತೆಲಿ ಗೂಡಿಗೆ ಹೊಗೆ ಹಾಕಿದ್ರಲ್ಲ, ಗೊತ್ತಲ್ಲ? ಎದ್ದ ಹುಳ ಎಲ್ಲ ಸೊಪ್ಪು ತರಕ್ಕೆ ಹೋಗಿದ್ದ ನಮ್ಮಮ್ಮನ ಮೇಲೆ ಬಂದ್ವು. ಐಸಿಯುನಲ್ಲಿ ಇದ್ರು. ಇನ್ನೊಂದು ಸಲ ಆದ್ರೆ ಉಳಿಯಲ್ಲ ಅಂದಿದ್ದಾರೆ ಡಾಕ್ಟ್ರು. ಅವತ್ತಿಂದ ನಮ್ಮಮ್ಮ ಬಾಲ್ಕನಿ ಬಾಗಿಲು ತೆಗೆದಿಲ್ಲ. ನೀವೇ ಹೇಳಿ, ನನ್ ಜಾಗದಲ್ಲಿ ನೀವಿದ್ರೆ ಏನ್ ಮಾಡ್ತಿದ್ರಿ?"

ಅವರು ಹೋದ ಮೇಲೆ ಒಳಗೆ ಬಂದು ನೋಡಿದರೆ ಕಾತ್ಯಾಯಿನಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮುಖ ಬಿಳಿಚಿಕೊಂಡಿತ್ತು. ಗೂಡು ಹೋದರೆ ಇವಳು ಮತ್ತೆ ಆ ಹಾಲು, ತರಕಾರಿಯ ಮಾತಿಗೆ ಹೋಗಿಬಿಡುತ್ತಾಳೆ ಎಂಬುದು ನನಗೆ ಖಚಿತವಾಗಿತ್ತು. ನನಗಿದ್ದ ಚಿಂತೆ ಅದೊಂದೇ. ಪರಿಸರ ಗಿರಿಸರವೆಲ್ಲ ಆಮೇಲೆ.

"ಶನಿವಾರ ಸಂಜೆ ಕಚೇರಿ ಇಟ್ಕೊಳ್ಳೋಣ. ಬಿಲ್ಡಿಂಗಿನವ್ರನ್ನೆಲ್ಲ ಕರೆಯೋಣ. ಒಂದು ಸಲ ಕೇಳಿಸ್ಕೊಳ್ಳಲಿ, ಆಮೇಲೆ ಅವ್ರು ಏನು ಹೇಳ್ತಾರೋ ಹಂಗೆ" ಎಂದಳು. ಸೀರೆಯ ಸೆರಗು ಸರಿಮಾಡಿಕೊಂಡು ತಾನೇ ಮೇಲಿನ ಮನೆಗೆ ಹೋದಳು. ಭೀಮೇಶರ ತಾಯಿ ತಿಮ್ಮಕ್ಕನವರನ್ನು ಎದುರಿಗೆ ಕೂತು ಕರೆದು ಬಂದಳು. ಅವರು ಬರುತ್ತೇನೆ ಎಂದಿದ್ದರು, ಮಗ ಬೇಡ ಎಂದಿದ್ದರು, ಕಡೆಗೆ ತಾಯಿಯ ಜೊತೆ ತಾವೂ ಬರುವುದಾಗಿ ಒಪ್ಪಿದ್ದರು.

ಶನಿವಾರದ ಕಟ್ಟುನಿಟ್ಟು ಹೇಗಿತ್ತೆಂದರೆ ಮದುವೆಮನೆಯಲ್ಲೂ ಹಾಗಿರುವುದಿಲ್ಲ. ಬಾಲ್ಕನಿ ಬಾಗಿಲು ಭದ್ರ, ಕಿಟಕಿಗಳಿಗೆ ದಪ್ಪ ಪರದೆ, ಒಂದೇ ಒಂದು ಮಂಕು ದೀಪ. ಸೆಂಟು ಹಾಕಿಕೊಂಡು ಬರಬೇಡಿ, ಅಗರಬತ್ತಿ ಹಚ್ಚುವುದಿಲ್ಲ ಎಂದು ಎಲ್ಲರಿಗೂ ಮೊದಲೇ ತಿಳಿಸಿದ್ದೆವು. ಜಮಖಾನದ ಮೇಲೆ ಜನ ಒತ್ತೊತ್ತಾಗಿ ಕೂತರು. ತಿಮ್ಮಕ್ಕನವರು ಬಾಲ್ಕನಿಯಿಂದ ದೂರದ ಮೂಲೆಯಲ್ಲಿ, ತಲೆಗೆ ಶಾಲು ಹೊದ್ದು, ಮಗನ ತೋಳು ಹಿಡಿದು ಕೂತಿದ್ದರು.

ಕಚೇರಿ ಶುರುವಾಯಿತು. ಕಾತ್ಯಾಯಿನಿ ಮೊದಲ ಸ್ವರ ಮಿಡಿದು ಕೈ ಎತ್ತಿದಳು. ಹೊರಗಿನ ಝೇಂಕಾರ ಆ ಸ್ವರವನ್ನು ಹಿಡಿದುಕೊಂಡದ್ದು ಎಲ್ಲರಿಗೂ ಕೇಳಿಸಿತು. ಯಾರೋ "ಆಹಾ" ಎಂದರು. ಇನ್ನು ಗೆದ್ದೆವು ಎಂದುಕೊಂಡೆ.

ಜಯನಗರದ ಸೀತಾಲಕ್ಷ್ಮಿಯವರು ಇಲ್ಲದಿದ್ದರೆ ಗೆದ್ದೇಬಿಡುತ್ತಿದ್ದೆವು. ಅವರಿಲ್ಲದೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಒಂದು ಮನೆ ಕಚೇರಿಯೂ ನಡೆಯುವುದಿಲ್ಲ. ಸಂಗೀತ ಶುರುವಾದಲ್ಲಿ ದೇವರ ಮುಂದೆ ಧೂಪ ಏಳಲೇಬೇಕು ಎಂಬುದು ಅವರ ಪದ್ಧತಿ. ರವಿಕಿರಣ್ ಪಿಟೀಲಿನಲ್ಲಿ ಅಲೆ ಎಬ್ಬಿಸುತ್ತಿದ್ದಾಗ ಅವರು ಸದ್ದಿಲ್ಲದೆ ಎದ್ದು ದೇವರ ಕೋಣೆಗೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಹಾಲ್‌ನೊಳಕ್ಕೆ ಹೊಗೆ ತೇಲಿ ಬಂತು. ನಾನು ನುಡಿಸುತ್ತಲೇ ತಿರುಗಿ ನೋಡಿದೆ. ಕೈಯಲ್ಲಿ ಧೂಪಾರತಿ ಹಿಡಿದುಕೊಂಡು ಭಕ್ತಿಯಿಂದ ನಿಂತಿದ್ದರು.

"ಏನಮ್ಮಾ ಇದು!" ಎಂದು ಕಿರುಚಿದೆ. ಮೃದಂಗ ನಿಂತಿತು, ಎಲ್ಲ ನಿಂತಿತು.

"ಅಗರಬತ್ತಿ ಬೇಡ ಅಂದಿದ್ರಲ್ಲ, ಅದಕ್ಕೇ ಸಾಂಬ್ರಾಣಿ ತಂದೆ" ಎಂದರು ಸೀತಾಲಕ್ಷ್ಮಿ. "ಜಾಸ್ತಿ ಹೊಗೆ ಆಯ್ತು ಅಂತ ದೇವರ ಕೋಣೆ ವೆಂಟಿಲೇಟರನ್ನೂ ತೆಗೆದಿದ್ದೀನಿ, ಹೊರಗೆ ಹೋಗತ್ತೆ ಬಿಡಿ."

ಹೊರಗೆ ಹೋಗಿತ್ತು. ಆ ವೆಂಟಿಲೇಟರ್ ತೆರೆಯುವುದು ಬಾಲ್ಕನಿಗೆ, ಹೊಗೆ ನೇರವಾಗಿ ಗೂಡಿಗೇ ಹೋಗಿತ್ತು. ಅಷ್ಟರಲ್ಲಿ ಆ ತಗ್ಗಿನ ಸ್ವರ ಮೇಲೇರಿ ಮೇಲೇರಿ ಒಂದು ಭೋರ್ಗರೆತವಾಯಿತು. ಗಾಜಿಗೆ ಆಲಿಕಲ್ಲು ಬಿದ್ದ ಹಾಗೆ ಹುಳಗಳು ಬಡಿಯತೊಡಗಿದವು. ನಾನು ಸ್ಟೂಲು ಹಾಕಿ ಹತ್ತಿ ವೆಂಟಿಲೇಟರ್ ಮುಚ್ಚಿದೆ. ಅಷ್ಟರಲ್ಲಿ ಒಂದು ಹುಳ ನನ್ನ ಹಣೆಗೆ ಕಚ್ಚಿ ಕೆಲಸ ಮುಗಿಸಿತ್ತು. ರವಿಕಿರಣ್ ಸಾಂಬ್ರಾಣಿಯ ಮೇಲೆ ನೀರು ಸುರಿದ. ಯಾರೋ ಆ ಮಂಕು ದೀಪವನ್ನೂ ಆರಿಸಿದರು. ಕಗ್ಗತ್ತಲು. ಹೊರಗೆ ಕಾರಿಡಾರಿನಲ್ಲಿ ದೀಪವಿದ್ದದ್ದರಿಂದ ಬಾಗಿಲು ತೆಗೆದು ಆಚೆ ಹೋಗುವ ಧೈರ್ಯವೂ ಯಾರಿಗೂ ಇರಲಿಲ್ಲ.

ಆ ಕತ್ತಲೆಯಲ್ಲಿ ಮೂಲೆಯಿಂದ ತಿಮ್ಮಕ್ಕನವರ ಹಲ್ಲು ಕಟಕಟ ಎನ್ನುವುದು ಕೇಳಿಸುತ್ತಿತ್ತು. ಭೀಮೇಶ್ ಎದ್ದು ನಿಂತರು. "ಹೇಳಿದ್ನಾ ಇಲ್ವಾ ಸಾರ್ ನಾನು? ಭಾನುವಾರನೂ ಬೇಡ, ಸೋಮವಾರನೂ ಬೇಡ. ಈಗ್ಲೇ ಫೋನ್ ಮಾಡ್ತೀನಿ, ಬಂದು ತೆಗೀಲಿ" ಎಂದರು. ಮೊಬೈಲಿನ ಬೆಳಕು ಅವರ ಮುಖದ ಮೇಲೆ ಬಿತ್ತು. ಕೋಪಕ್ಕಿಂತ ಹೆಚ್ಚಾಗಿ ಅಲ್ಲಿ ಭಯವಿತ್ತು.

ಕಾತ್ಯಾಯಿನಿ ವೀಣೆ ಕೆಳಗಿಟ್ಟು ಎದ್ದಳು. ನುಡಿಸುವ ಜಾಗದಿಂದ ಮಂಗಳ ಹಾಡುವ ಮೊದಲು ಎದ್ದವಳೇ ಅಲ್ಲ ಅವಳು. ತಡವರಿಸಿಕೊಂಡು ಹೋಗಿ ತಿಮ್ಮಕ್ಕನವರ ಪಕ್ಕ ಕೂತು ಅವರ ಕೈ ಹಿಡಿದುಕೊಂಡಳು.

"ಮಾಡಿ ಭೀಮೇಶ್, ಫೋನ್ ಮಾಡಿ" ಎಂದಳು. "ತಪ್ಪು ನಮ್ದು. ನಂಗೆ ಬೇಕಾಗಿತ್ತು ಅಂತ ನಿಮ್ಮ ತಾಯಿನ ಇಲ್ಲಿ ತಂದು ಕೂರಿಸ್ದೆ. ನಂಗೆ ಸಿಗಬೇಕಾದಷ್ಟು ಸಿಕ್ಕಿದೆ. ಇವ್ರ ಜೀವಕ್ಕಿಂತ ದೊಡ್ಡದಲ್ಲ ಅದು."

ನಾನು ಹಣೆ ಒತ್ತಿಕೊಂಡು ನಿಂತಲ್ಲೇ ನಿಂತಿದ್ದೆ. ಬೇಡ ಕಾತ್ಯಾ, ಕೊಟ್ಟುಬಿಡಬೇಡ ಎಂದು ಬಾಯಿತುದಿಗೆ ಬಂದಿತ್ತು. ಅವಳು ಮಾಡಿದ್ದೇ ಸರಿ ಎಂದು ಗೊತ್ತಿದ್ದರಿಂದ ನುಂಗಿಕೊಂಡೆ.

ಭೀಮೇಶರ ಬೆರಳು ಮೊಬೈಲಿನ ಮೇಲೆ ಓಡುತ್ತಿತ್ತು. ಆಗ ತಿಮ್ಮಕ್ಕನವರು ಬಾಯಿ ಬಿಟ್ಟರು. ದನಿ ನಡುಗುತ್ತಲೇ ಇತ್ತು.

"ತಾಳೋ ಭೀಮ. ಅದ್ನ ಒಳಗಿಕ್ಕು."

"ಅಮ್ಮಾ, ನೀನು ಸುಮ್ನಿರು."

"ಹೋದ್ ಸಲ ಹೊಗೆ ಹಾಕಿದ್ಕೇ ತಾನೇ ಅವು ನನ್ ಮೈಮೇಲ್ ಬಿದ್ದಿದ್ದು? ಈಗ ಇಲ್ಲಿ ಹೊಗೆ ಹಾಕ್ಸಿ ಇನ್ಯಾರ್ ಮೈಮೇಲ್ ಬೀಳಿಸ್ಬೇಕು ಅಂತಿದ್ದೀಯಾ? ಒಳಗಿಕ್ಕು ಅಂದೆ."

ಆಮೇಲೆ ಕಾತ್ಯಾಯಿನಿಯ ಕಡೆ ತಿರುಗಿದರು. "ನೀನು ಮಧ್ಯಾನ್ನ ಬಾರಿಸ್ತಿರ್ತೀಯಲ್ಲವ್ವ, ಮೇಲೆ ನಂಗೂ ಕೇಳ್ತದೆ. ನೀನು ಬಾರಿಸ್ತಿದ್ರೆ ಇವುಗಳ ಸದ್ದು ಬೇರೆ ಅಂತ ಅನ್ಸಕ್ಕೇ ಇಲ್ಲ, ಎರಡೂ ಒಂದೇ ಆಗೋಯ್ತದೆ. ಆಗ ನಂಗೆ ಭಯ ಇರಕ್ಕಿಲ್ಲ, ಹಂಗೇ ನಿದ್ದೆ ಮಾಡ್ಬಿಡ್ತೀನಿ. ಈಗ ಬರೀ ಇವುಗಳದೇ ಸದ್ದು. ಅದ್ಕೇ ಹಿಂಗೆ ನಡುಗ್ತಾ ಇವ್ನಿ. ಬಾರ್ಸು."

ಕಾತ್ಯಾಯಿನಿಗೆ ಅವರ ಕೈ ಬಿಟ್ಟು ಬರಲು ಮನಸ್ಸಾಗಲಿಲ್ಲವೋ, ಅವರು ಬಿಡಲಿಲ್ಲವೋ, ಅಂತೂ ನಾನೂ ರವಿಕಿರಣನೂ ಕತ್ತಲಲ್ಲಿ ವೀಣೆ ಎತ್ತಿಕೊಂಡು ಹೋಗಿ ಅವಳ ತೊಡೆಯ ಮೇಲೆ ಇಟ್ಟೆವು. ಜನ ಸರಿದು ಜಾಗ ಕೊಟ್ಟರು. ತಿಮ್ಮಕ್ಕನವರ ಮೊಣಕಾಲು ವೀಣೆಯ ಕೊಡಕ್ಕೆ ತಾಗುತ್ತಿತ್ತು.

ಹುಳಗಳ ಶ್ರುತಿ ಆಗ ಎಲ್ಲೋ ಮೇಲಿತ್ತು. ಕಾತ್ಯಾಯಿನಿ ತನ್ನ ತಂತಿಯನ್ನು ಅಲ್ಲಿಗೆ ಏರಿಸಲಿಲ್ಲ. ಅವು ಮೊದಲು ಇದ್ದ ಜಾಗದಲ್ಲೇ ಸ್ವರವನ್ನು ನಿಲ್ಲಿಸಿ, ಮಿಡಿದು, ಕಾದು, ಮತ್ತೆ ಮಿಡಿದಳು. ಪಿಟೀಲು ಮೆಲ್ಲಗೆ ಬಂದು ಸೇರಿತು. ನಾನು ಅಂಗೈಯನ್ನು ಮೃದಂಗದ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದೆ, ನುಡಿಸಲು ಕೈ ಬರಲಿಲ್ಲ. ಎಷ್ಟು ಹೊತ್ತಾಯಿತೋ. ಹೊಗೆ ಕರಗಿದ ಹಾಗೆ ಹೊರಗಿನ ಭೋರ್ಗರೆತ ಇಳಿಯತೊಡಗಿತು. ಸಂಗೀತದಿಂದ ಇಳಿಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ, ಹೊಗೆ ಹೋದದ್ದರಿಂದ ಇಳಿಯಿತು. ಆದರೆ ತಿಮ್ಮಕ್ಕನವರ ನಡುಕ ನಿಂತದ್ದು ಸಂಗೀತದಿಂದಲೇ. ಹುಳಗಳು ವಾಪಸು ತಮ್ಮ ಸ್ವರಕ್ಕೆ ಬಂದು ಕೂತ ಹೊತ್ತಿಗೆ ಅವರು ಮಗನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದರು.

ಭಾನುವಾರದ ಮೀಟಿಂಗಿನಲ್ಲಿ ಭೀಮೇಶ್ ತಾವೇ ಎದ್ದು ನಿಂತು, ಹುಳಗಳು ತಾವಾಗಿ ಹೋಗುವವರೆಗೆ ಗೂಡನ್ನು ಯಾರೂ ಮುಟ್ಟಕೂಡದು, ಆ ಕಡೆಯ ಕಾರಿಡಾರುಗಳಿಗೆಲ್ಲ ಮಂಕು ಹಳದಿ ಬಲ್ಬು ಹಾಕಿಸುತ್ತೇನೆ ಎಂದರು. ಮೀಟಿಂಗ್ ಮುಗಿದ ಮೇಲೆ ಅವರ ಎರಡೂ ಕೈ ಹಿಡಿದುಕೊಂಡೆ. ದಪ್ಪಗೆ ಊದಿದ ಹಣೆಯಿಂದಾಗಿ ಒಂದು ಕಣ್ಣು ಮುಚ್ಚಿಹೋಗಿದ್ದ ನನ್ನನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. "ಅಮ್ಮ ಹೇಳಿದ್ಮೇಲೆ ಮುಗೀತು ಸಾರ್" ಎಂದರು. ನಿಮ್ಮ ತಾಯಿ ನನಗೆ ನನ್ನ ಹೆಂಡತಿಯನ್ನು ವಾಪಸು ಕೊಟ್ಟಿದ್ದಾರೆ ಎಂದು ಹೇಳಬೇಕೆಂದಿದ್ದೆ. "ಥ್ಯಾಂಕ್ಸ್" ಎಂದಷ್ಟೇ ಅಂದೆ. ಆ ಪದ ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ.

ಬೇಸಿಗೆಯೆಲ್ಲ ಮಧ್ಯಾಹ್ನದ ವಾದನ ನಡೆಯಿತು. ಕೃತಿ ಬೆಳೆಯುತ್ತ ಹೋಯಿತು, ಮುಗಿಸುವ ಅವಸರ ಕಾತ್ಯಾಯಿನಿಗಿರಲಿಲ್ಲ. ನನಗೆ ಮಾತ್ರ ಒಳಗೊಳಗೇ ಒಂದು ಕೊರೆತ ಶುರುವಾಗಿತ್ತು. ಹುಳಗಳು ತಾವಾಗಿ ಹೋಗುತ್ತವೆ ಎಂದು ನಾನೇ ವಾದ ಮಾಡಿದ್ದೆ. ಹೋದ ದಿನ ಇವಳ ಗತಿಯೇನು? ಹೊಂಗೆಯ ಹೂ ಮುಗಿಯಿತು. ಮುಂಗಾರಿನ ಮೊದಲ ಗಾಳಿ ಬೀಸಿತು. ಗೂಡು ದಿನದಿನಕ್ಕೆ ತೆಳ್ಳಗಾಗುವುದನ್ನು ನೋಡಿ ನಾನು ಪರದೆ ಎಳೆದುಬಿಡುತ್ತಿದ್ದೆ, ಅವಳಿಗೆ ಕಾಣದಿರಲಿ ಎಂದು.

ಜೂನಿನಲ್ಲಿ ಒಂದು ಬೆಳಿಗ್ಗೆ ಎದ್ದಾಗ ಮನೆ ನಿಶ್ಶಬ್ದವಾಗಿತ್ತು. ಬಾಲ್ಕನಿಯಲ್ಲಿ ಖಾಲಿ ಮೇಣದ ಹಲ್ಲೆಯೊಂದು ಬಿಳಿಚಿಕೊಂಡು ನೇತಾಡುತ್ತಿತ್ತು. ಕಾತ್ಯಾಯಿನಿ ಅದಾಗಲೇ ನೋಡಿದ್ದಳು. ತಿಂಡಿ ಮಾಡಿದಳು, ತಟ್ಟೆ ಇಟ್ಟಳು, "ಹಾಲು ಬಂತಾ?" ಎಂದು ಕೇಳಿದಳು. ಮಧ್ಯಾಹ್ನ ಎಂದಿನ ಜಾಗದಲ್ಲಿ ವೀಣೆಯ ಮುಂದೆ ಕೂತಳು, ಆದರೆ ಕೈ ಮಡಿಲಲ್ಲೇ ಇತ್ತು. ನಾನು ಬಾಗಿಲಲ್ಲಿ ನಿಂತು, ಏನು ಹೇಳಿದರೆ ಸರಿಹೋಗುತ್ತದೆ ಎಂದು ತಡಕಾಡುತ್ತಿದ್ದೆ.

ಬೆಲ್ ಆಯಿತು. ತೆಗೆದರೆ ತಿಮ್ಮಕ್ಕನವರು. ಶಾಲು ಇರಲಿಲ್ಲ, ಜೊತೆಗೆ ಮಗನೂ ಇರಲಿಲ್ಲ. ಮೆಟ್ಟಿಲಿಳಿದು ಬಂದ ಏದುಸಿರು ಇನ್ನೂ ನಿಂತಿರಲಿಲ್ಲ. ನನ್ನನ್ನು ದಾಟಿಕೊಂಡು ಸೀದಾ ಒಳಕೋಣೆಗೆ ಹೋಗಿ ಕಾತ್ಯಾಯಿನಿಯ ಎದುರು ನೆಲದ ಮೇಲೆ ಕೂತರು.

"ಹೋಗ್ಬಿಟ್ವಲ್ಲವ್ವ" ಎಂದರು. "ಮನೆ ಬಿಕೋ ಅಂತದೆ. ಒಬ್ಳೇ ಕೂತ್ಕೊಳಕ್ಕೇ ಆಗ್ಲಿಲ್ಲ ನಂಗೆ."

ಕಾತ್ಯಾಯಿನಿ ತಲೆಯೆತ್ತಿದಳು. ಅವುಗಳಿಗೆ ಹೆದರಿ ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ಆ ಮುದುಕಿಯ ಕಣ್ಣು ಒದ್ದೆಯಾಗಿತ್ತು.

"ಜೊತೆಗೆ ಸ್ವರ ಹಿಡಿಯೋರು ಯಾರೂ ಇಲ್ಲ ತಿಮ್ಮಕ್ಕ. ಎಲ್ಲಿಂದ ಶುರು ಮಾಡ್ಲಿ?" ಎಂದು ಕೇಳಿದಳು.

"ಅದೆಲ್ಲ ನಂಗೇನ್ ತಿಳೀತದೆ?" ಎಂದು ತಿಮ್ಮಕ್ಕನವರು ಕಾಲು ನೀಡಿ ಗೋಡೆಗೆ ಒರಗಿದರು. "ನಿನ್ನೆ ಎಲ್ಲಿಗೆ ಬಿಟ್ಟಿದ್ದೆ? ಅಲ್ಲಿಂದ್ಲೇ ಬಾರ್ಸು. ನಾನ್ ಕೂತಿವ್ನಲ್ಲ."

ಕಾತ್ಯಾಯಿನಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆರಳನ್ನು ವೀಣೆಯ ಮೆಟ್ಟಿಲ ಮೇಲೆ ಇಟ್ಟು, ಒಂದು ಗಳಿಗೆ ನೆನಪು ಮಾಡಿಕೊಂಡು, ನಿನ್ನೆ ಬಿಟ್ಟಿದ್ದ ಕಡೆಯಿಂದ ಹಿಡಿದಳು.